ಮೂರೆಸಳಿನ ಗುರುತು

ನಮ್ಮ ಕಡೆಯ ಹಳ್ಳಿಗರು ಸೊಲ್ಲಾಪುರಕ್ಕೆ ಹೋಗುವುದು ಸಿದ್ಧರಾಮೇಶ್ವರನ ಜಾತ್ರೆಗೆ, ಮದುವೆಯ ಜವಳಿಗೆ, ಇಲ್ಲವೆ ದವಾಖಾನೆಗೆ. ಜಾತ್ರೆಗೂ ಜವಳಿಗೂ ಹೊರಟಾಗ ಬಸ್ಸಿನಲ್ಲಿ ಮಾತಿಗೆ ಬಿಡುವಿರುವುದಿಲ್ಲ. ದವಾಖಾನೆಗೆ ಹೊರಟವರು ಮಾತ್ರ ಕಿಟಕಿಯ ಹೊರಗಿನ ಹೊಲಗಳನ್ನು ನೋಡುತ್ತ ಕುಳಿತಿರುತ್ತಾರೆ. ಹೋದ ಸಂಕ್ರಾಂತಿ ಕಳೆದು, ಗಡ್ಡೆಯ ಜಾತ್ರೆಯ ಅಂಗಡಿಗಳು ಇನ್ನೂ ಪೂರ್ತಿ ಎದ್ದಿರದ ವಾರದಲ್ಲಿ ನಾವು ಹೊರಟದ್ದು ಹೀಗೆ ಕಿಟಕಿ ನೋಡುವವರ ಸಾಲಿಗೆ ಸೇರಿ.

ನಮ್ಮ ತಂಗಿಯನ್ನು ಅಫಜಲಪುರ ತಾಲೂಕಿಗೆ ಕೊಟ್ಟಿದೆ. ಅವಳ ಮಗಳು ಮದುವೆಯಾಗಿ ಮರಳಿ ಈಚೆಗೆ, ನಮ್ಮದೇ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಗೆ ಬಂದಿದ್ದಾಳೆ. ಗಡಿಯ ಮನೆತನಗಳಲ್ಲಿ ಹೆಣ್ಣುಮಕ್ಕಳು ಮಗ್ಗದ ಲಾಳಿಯಂತೆ ಅತ್ತಿತ್ತ ಹಾಯುವುದು ಹೊಸದೇನಲ್ಲ. ಹುಡುಗಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ಹಿಂದಿಯ ಪಾಠದ ಬಲದಿಂದ ನಾಗರಿ ಅಕ್ಷರಗಳ ಗುರುತು ಹತ್ತುತ್ತದೆ. ಮರಾಠಿಯ ಅರ್ಥ ಇನ್ನೂ ಹತ್ತುವುದಿಲ್ಲ.

ಡಿಸೆಂಬರಿನಲ್ಲಿ ಅವಳಿಗೆ ಕೆಮ್ಮು ಹಿಡಿದು ಹದಿನೈದು ದಿನವಾದರೂ ಬಿಡಲಿಲ್ಲ. ಗಂಡ ಪುಣೆಯಲ್ಲಿ ಕೆಲಸಕ್ಕಿದ್ದುದರಿಂದ ತಾಲೂಕಿನ ಊರಿಗೆ ಕರೆದೊಯ್ಯುವ ಭಾರ ನಮ್ಮ ಮೇಲೆ ಬಂತು. ವೈದ್ಯರು ಎದೆಯ ಎಕ್ಸ್‌ರೇ ಬರೆದುಕೊಟ್ಟರು. ಎಕ್ಸ್‌ರೇ ಕೋಣೆಯ ಬಾಗಿಲಿಗೆ ಒಂದು ಹಳದಿ ಹಲಗೆ ಹಾಕಿತ್ತು. ನಡುವೆ ಒಂದು ಕಪ್ಪು ಬೊಟ್ಟು, ಅದರ ಸುತ್ತ ಮೂರು ಕಪ್ಪು ಎಸಳು. ಕೆಳಗೆ ಇಂಗ್ಲಿಷಿನಲ್ಲೊಂದು ಸಾಲು, ಮರಾಠಿಯಲ್ಲೊಂದು ಸಾಲು. ಗರ್ಭಿಣಿಯರು ಮೊದಲೇ ತಿಳಿಸಬೇಕೆಂದು ಅದರ ತಾತ್ಪರ್ಯ. ನಾವು ಅದನ್ನು ಓದಿದೆವು. 'ಇಲ್ಲಿ ಉಗುಳಬಾರದು' ಎಂಬ ಹಲಗೆಯನ್ನು ಓದುವಂತೆ ಓದಿ ಸುಮ್ಮನಾದೆವು. ಪಕ್ಕದಲ್ಲಿ ಕುಳಿತವಳಿಗೆ ಅದನ್ನು ಹೇಳಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದ ನಮಗೆ ತೋಚಲಿಲ್ಲ. ತೋಚಿದ್ದರೂ ಸೋದರಮಾವನ ಸಂಕೋಚ ಬಿಡುತ್ತಿತ್ತೋ ಇಲ್ಲವೋ. ಒಳಗಿದ್ದ ಹುಡುಗ ಹೆಸರು ಕೇಳಿದ, ವಯಸ್ಸು ಕೇಳಿದ, ಹಣ ಕೇಳಿದ. ಮತ್ತೇನೂ ಕೇಳಲಿಲ್ಲ.

ಜನವರಿಯಲ್ಲಿ ತಿಳಿಯಿತು: ಎಕ್ಸ್‌ರೇ ತೆಗೆಸಿದ ದಿನ ಅವಳು ಬಸುರಿಯಾಗಿದ್ದಳು.

ಆಮೇಲೆ ಮನೆಗೆ ಬಂದ ಮಾತುಗಳನ್ನು ಬರೆಯುವುದು ಬೇಡ. ಕೂಸು ಕುರುಡಾಗುತ್ತದೆ ಎಂದವರಿದ್ದರು. ಕೈಕಾಲು ಇರುವುದಿಲ್ಲ ಎಂದವರಿದ್ದರು. ಹೊತ್ತು ಮೀರುವ ಮೊದಲು ತೆಗೆಸಿಬಿಡುವುದು ಲೇಸೆಂದು ನೆರೆಮನೆಯ ಹಿರಿಯರೊಬ್ಬರು ತೀರ್ಮಾನವನ್ನೇ ಕೊಟ್ಟರು. ಅತ್ತೆ ಒಳ್ಳೆಯ ಹೆಣ್ಣುಮಗಳು. ಅಳುತ್ತ, "ಮಾಸ್ತರ್ರ, ನೀವು ಕಲತವರು, ನೀವು ಹೇಳಿದಂಗ ಮಾಡ್ತೀವ್ರಿ" ಎಂದರು. ಶಿಕ್ಷಕರ ತರಬೇತಿಯಲ್ಲಿ ನಾವು ಮಕ್ಕಳ ಮನಸ್ಸಿನ ಬಗೆಗೆ ಓದಿದ್ದೆವು, ಹಾಜರಿ ಪುಸ್ತಕ ಬರೆಯುವುದನ್ನು ಕಲಿತಿದ್ದೆವು. ಈ ಪ್ರಶ್ನೆಗೆ ಉತ್ತರ ಅಲ್ಲಿ ಇರಲಿಲ್ಲ. ಸೊಲ್ಲಾಪುರದಲ್ಲಿ ಬಲ್ಲವರನ್ನು ಕೇಳಿ ಬರುವವರೆಗೆ ಯಾರೂ ಏನೂ ಮಾಡಬಾರದೆಂದು ಹೇಳಿ, ಮರುದಿನದ ಎಸ್.ಟಿ. ಬಸ್ಸು ಹತ್ತಿದೆವು.

ಅಕ್ಕಲಕೋಟದಿಂದ ಸೊಲ್ಲಾಪುರ ಸುಮಾರು ನಲವತ್ತು ಕಿಲೋಮೀಟರು. ಸ್ವಾಮಿ ಸಮರ್ಥರ ಭಕ್ತರ ಗಾಡಿಗಳು ಹೆಚ್ಚಿದ ಮೇಲೆ ರಸ್ತೆ ಅಗಲವಾಗಿದೆ. ಮೊದಲಿನಂತೆ ಪ್ರತಿ ಬೇವಿನ ಮರದ ಕೆಳಗೆ ನಿಲ್ಲುವ ಬಸ್ಸು ಈಗಿಲ್ಲ. ಇಕ್ಕೆಲದಲ್ಲಿ ಕರಿಭೂಮಿ, ಅದರ ತುಂಬ ಬಿಳಿಜೋಳ. ತೆನೆ ಹಾಲುಗಟ್ಟಿ ಸೀತನಿಗೆ ಬಂದ ಕಾಲ. ಅಲ್ಲಲ್ಲಿ ಹೊಲದ ಬದುವಿನ ಕುಣಿಯಿಂದ ಹೊಗೆ ಏಳುತ್ತಿತ್ತು. ಬೇರೆ ದಿನವಾಗಿದ್ದರೆ ಇಳಿದು ಒಂದು ಬೊಗಸೆ ಬೆಂದ ಕಾಳು ತಿನ್ನದೆ ನಾವು ಮುಂದೆ ಹೋಗುತ್ತಿರಲಿಲ್ಲ. ವಳಸಂಗ ದಾಟಿತು. ಎಡಗಡೆ ದೂರದಲ್ಲಿ ಹೋಟಗಿಯ ಆಚೆಯ ವಿದ್ಯುತ್ ಸ್ಥಾವರದ ಕೊಳವೆಗಳು ಮಂಜಿನಲ್ಲಿ ಮಸಕಾಗಿ ಕಂಡವು. ಕುಂಭಾರಿ ಬಂದಾಗ ಬೀಡಿ ಕಟ್ಟುವ ಹೆಂಗಸರು ಬುಟ್ಟಿ ಹಿಡಿದು ಹತ್ತಿದರು. ಒಬ್ಬಾಕೆ ದಾರಿಯುದ್ದಕ್ಕೂ ಕೆಮ್ಮುತ್ತಿದ್ದಳು.

ಆ ಕೆಮ್ಮು ಕೇಳಿದ್ದಕ್ಕೋ ಏನೋ, ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಮಾಮಾ, ಆವತ್ತು ಆ ಬಾಗಲಾ ಮ್ಯಾಲ ಏನ ಬರದಿತ್ತು?"

ಹೇಳಿದೆವು. ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ನಮ್ಮ ಮೇಲೆ ಒಂದು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿರುತ್ತಿತ್ತು.

ಸೊಲ್ಲಾಪುರ ನಾಲ್ಕು ನುಡಿಯ ಊರು. ಚಾದರ ನೇಯುವ ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ಮರಾಠಿ, ಕೆಲವು ಓಣಿಗಳಲ್ಲಿ ಉರ್ದು, ಸಿದ್ಧರಾಮನ ಗುಡಿಯ ಸುತ್ತ ಕನ್ನಡ. ಚೀನದಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ತೀರಿಕೊಂಡ ಡಾಕ್ಟರ್ ದ್ವಾರಕಾನಾಥ ಕೋಟಣೀಸರು ಹುಟ್ಟಿದ್ದು ಈ ಊರಿನಲ್ಲಿ. ಸುತ್ತಲ ನಾಲ್ಕಾರು ಜಿಲ್ಲೆಗಳ ರೋಗಿಗಳು, ಕಲಬುರಗಿ ವಿಜಯಪುರದ ಕಡೆಯವರೂ, ಇಲ್ಲಿಗೆ ಬರುವುದುಂಟು. ನಾವು ಹೋದ ದೊಡ್ಡ ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತವರ ಮಾತಿಗೆ ಕಿವಿಗೊಟ್ಟರೆ ಗಡಿ ಎಲ್ಲಿದೆಯೆಂದು ಹೇಳುವುದು ಕಷ್ಟ.

ವೈದ್ಯೆ ನಡುವಯಸ್ಸಿನವರು. ಕನ್ನಡ ಬರುತ್ತಿತ್ತು, ತೆಲುಗಿನ ರಾಗ ಹಚ್ಚಿ ಆಡುತ್ತಿದ್ದರು. ಚೀಟಿಗಳನ್ನು ನೋಡಿದರು, ತಾರೀಖು ಲೆಕ್ಕ ಹಾಕಿದರು. "ಮುಟ್ಟು ತಪ್ಪಿ ಆಗ ಎಷ್ಟು ದಿನ ಆಗಿತ್ತಮ್ಮ?" ಎಂದರು. ಹತ್ತು ಹನ್ನೆರಡು ದಿನ, ಜಡ್ಡಿನಿಂದ ತಡವಾಗಿರಬೇಕು ಅಂದುಕೊಂಡಿದ್ದೆ ಎಂದಳು ಹುಡುಗಿ, ನಮ್ಮ ಕಡೆ ನೋಡದೆ. ವೈದ್ಯೆ ಒಂದು ಚೀಟಿಯ ಬೆನ್ನ ಮೇಲೆ ಅಂಕಿಗಳನ್ನು ಬರೆಯತೊಡಗಿದರು. ನಮ್ಮ ಮನಸ್ಸು ನಿಂತದ್ದು ಆ ಅಂಕಿಗಳಿಂದ; ಆದುದರಿಂದ ವಾಚಕರಿಗೂ ಅವನ್ನು ಒಪ್ಪಿಸುತ್ತೇವೆ.

ವಿಕಿರಣವೆಂಬುದು ಯಂತ್ರದಿಂದ ಮಾತ್ರ ಬರುವುದಲ್ಲ. ನೆಲದ ಕಲ್ಲಿನಿಂದ, ಉಸಿರಾಡುವ ಗಾಳಿಯಿಂದ, ಉಣ್ಣುವ ಅನ್ನದಿಂದ, ಆಕಾಶದಿಂದ ಅದು ಸದಾ ನಮ್ಮನ್ನು ಹಾಯುತ್ತಿರುತ್ತದೆ. ಇದರ ಅಳತೆಗೆ ಮಿಲಿಸೀವರ್ಟ್ ಎಂದು ಹೆಸರು. ಲೋಕದ ಸರಾಸರಿ ತೆಗೆದರೆ ಒಬ್ಬ ಮನುಷ್ಯನಿಗೆ ವರ್ಷಕ್ಕೆ 2.4 ಮಿಲಿಸೀವರ್ಟ್ ಹೀಗೆ ಪುಕ್ಕಟೆಯಾಗಿ ಸಿಗುತ್ತದೆ. ಎದೆಯ ಎಕ್ಸ್‌ರೇ ತೆಗೆಯುವಾಗ ಕಿರಣ ಬೀಳುವುದು ಎದೆಗೆ. ಹೊಟ್ಟೆಯೊಳಗಿನ ಪಿಂಡಕ್ಕೆ ಚೆದರಿ ತಲುಪುವುದು 0.01ಕ್ಕಿಂತ ಕಡಿಮೆ. ಅಂದರೆ ಸುಮ್ಮನೆ ಮನೆಯಲ್ಲಿ ಕುಳಿತರೂ ಒಂದೂವರೆ ದಿನದಲ್ಲಿ ತಗಲುವುದಕ್ಕಿಂತ ಹೆಚ್ಚಲ್ಲ. ಪಿಂಡಕ್ಕೆ ತಗಲಿದ್ದು 100ರ ಒಳಗಿದ್ದರೆ ಅದೊಂದೇ ಕಾರಣಕ್ಕೆ ಬಸಿರು ತೆಗೆಸಬಾರದೆಂದು ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವೇ ಹೇಳಿದೆ. ಹೊಟ್ಟೆಯ ಸಿ.ಟಿ. ಸ್ಕ್ಯಾನಿನ ಮಾತು ಬೇರೆ. ಅದರಲ್ಲಿ ಪಿಂಡಕ್ಕೆ ತಲುಪುವುದು ಎದೆಯ ಎಕ್ಸ್‌ರೇಯ ನೂರಾರು ಪಟ್ಟು. ಅದು ಕೂಡ 100ಕ್ಕೆ ಬಹಳ ಕೆಳಗೇ ಇರುತ್ತದೆ, ಆದರೂ ಕೇಳದೆ ಮಾಡುವಂತಹದಲ್ಲ.

"ಹೆದರಿ ಕೂಸಿನ ಜೀವಾ ತಗೀಬ್ಯಾಡ್ರಿ" ಎಂದು ವೈದ್ಯೆ ಚೀಟಿಯನ್ನು ನಮ್ಮ ಕಡೆ ಸರಿಸಿದರು. ಬಳಿಕ ತುಸು ಗಡುಸಾಗಿ, "ಆದ್ರ ಕೇಳಬೇಕಾಗಿತ್ತು. ಕೇಳಲಿಲ್ಲ ಅನ್ನೂದು ತಪ್ಪೇ" ಎಂದರು.

ಹೊರಗೆ ಬಂದ ಮೇಲೆ ಹುಡುಗಿ ನಾಲ್ಕು ದಿನಗಳಲ್ಲಿ ಮೊದಲ ಸಲ ಹಸಿವೆ ಎಂದಳು. ಆಸ್ಪತ್ರೆಯ ಎದುರಿನ ಖಾನಾವಳಿಯಲ್ಲಿ ಕಡಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಸೊಲ್ಲಾಪುರದ ಶೇಂಗಾ ಚಟ್ನಿಯ ರುಚಿಯನ್ನು ಹೊಗಳಲು ಇದು ಸ್ಥಳವಲ್ಲ, ಆದರೂ ಹೊಗಳದೆ ಹೋಗಲು ಮನಸ್ಸಾಗದು.

ಊಟ ಮಾಡುತ್ತಿರುವಾಗ ಯಾರೋ ಬಂದು ಕಾಲು ಮುಟ್ಟಿದರು. ನೋಡಿದರೆ ನಮ್ಮ ಶಾಲೆಯಲ್ಲಿ ಓದಿದವನು. ಮಗ್ಗಿ ಹೇಳಲು ಅಂಜಿ ಬಾವಿಯ ಹಿಂದೆ ಅಡಗಿ ಕೂಡುತ್ತಿದ್ದ ಹುಡುಗ. ಈಗ ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ತಂತ್ರಜ್ಞ. ಎದೆಯ ಮೇಲೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬಿಲ್ಲೆ ಸಿಕ್ಕಿಸಿಕೊಂಡಿದ್ದ. ಅದೇನೆಂದು ಕೇಳಿದೆವು. ತನ್ನ ಮೈಗೆ ಎಷ್ಟು ಕಿರಣ ತಗಲಿತೆಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಕಳಿಸಿ ಓದಿಸುತ್ತಾರೆ ಎಂದ. ಅವನಂಥ ಕೆಲಸಗಾರರಿಗೆ ಐದು ವರ್ಷಕ್ಕೆ ಒಟ್ಟು 100 ಮಿಲಿಸೀವರ್ಟ್ ಮಿತಿ, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಹೊರಗಿನ ಜನಕ್ಕೆ ಇಂತಹ ಕೆಲಸಗಳಿಂದ ವರ್ಷಕ್ಕೆ 1ಕ್ಕಿಂತ ಹೆಚ್ಚು ತಗಲಬಾರದು. ರೋಗಿ ತನ್ನ ಚಿಕಿತ್ಸೆಗಾಗಿ ಪಡೆಯುವುದು ಈ ಲೆಕ್ಕದಲ್ಲಿ ಬರುವುದಿಲ್ಲ. ಅಲ್ಲಿ ಬೇಕೋ ಬೇಡವೋ ಎಂದು ಯೋಚಿಸುವುದು ವೈದ್ಯರ ಹೊಣೆ.

ಮಧ್ಯಾಹ್ನದ ಬಿಡುವಿನಲ್ಲಿ ಅವನು ತನ್ನ ಕೋಣೆಯನ್ನು ಹೊರಗಿನಿಂದ ತೋರಿಸಿದ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಸೀಸದ ತಗಡು ಹಾಸಿದ ಬಾಗಿಲು, ಬಾಗಿಲ ನೆತ್ತಿಯ ಮೇಲೆ ಕೆಂಪು ದೀಪ. ಯಂತ್ರವನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಇಷ್ಟೆಲ್ಲ ಕಟ್ಟುಪಾಡು ಇರುವುದನ್ನು ಕಂಡು ನಮಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು.

"ಇದನ್ನೆಲ್ಲ ನೋಡವರು ಯಾರಪಾ? ಜಿಲ್ಲಾ ಪರಿಷತ್ತೋ, ಕಲೆಕ್ಟರರೋ, ಮುಂಬಯಿ ಸರಕಾರವೋ?"

"ಮುಂಬಯಿನ ಖರೇ, ಗುರುಗಳ. ಆದ್ರ ಮಂತ್ರಾಲಯ ಅಲ್ಲ, ಅಣುಶಕ್ತಿನಗರ."

ಈ ಮಾತಿನ ಮರ್ಮ ನಮಗೆ ಕೂಡಲೆ ಹೊಳೆಯಲಿಲ್ಲ. ಆ ಮಧ್ಯಾಹ್ನವೇ ಜಿಲ್ಲೆಯ ಒಂದು ಕಚೇರಿಗೆ ಹೋಗಿ, ತಾಲೂಕಿನ ಎಕ್ಸ್‌ರೇ ಕೋಣೆಗಳ ಮೇಲ್ವಿಚಾರಣೆ ಯಾರದೆಂದು ಕೇಳಿದೆವು. ಮೂರು ಮೇಜುಗಳನ್ನು ದಾಟಿದೆವು. ಎಲ್ಲರೂ ಮರ್ಯಾದೆಯಿಂದಲೇ ಮಾತನಾಡಿದರು. ಮೂರನೆಯ ಮೇಜಿನವರು ಚಹ ತರಿಸಿ, "ಗುರುಜಿ, ಸೋನೋಗ್ರಫಿ ಆದರೆ ನಮ್ಮದು, ಎಕ್ಸ್‌ರೇ ನಮ್ಮದಲ್ಲ" ಎಂದು ಮರಾಠಿಯಲ್ಲಿ ವಿವರಿಸಿದರು. ಊರಿಗೆ ಬಂದ ಮೇಲೆ ಪೌರನೀತಿಯ ಪುಸ್ತಕ ತೆಗೆದು ಸಂವಿಧಾನದ ಏಳನೆಯ ಅನುಸೂಚಿಯನ್ನು ಓದಿದೆವು. ವರ್ಷಾವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇ. ಆದರೆ ಒಳಗಿನ ಸಾಲುಗಳನ್ನು ನಾವೇ ಓದಿರಲಿಲ್ಲ. ಕೇಂದ್ರದ ಪಟ್ಟಿಯಲ್ಲಿ ಆರನೆಯ ಬಾಬು ಅಣುಶಕ್ತಿ ಮತ್ತು ಅದಕ್ಕೆ ಬೇಕಾದ ಖನಿಜಗಳು. ರಾಜ್ಯದ ಪಟ್ಟಿಯಲ್ಲಿ ಆರನೆಯ ಬಾಬು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆಗಳು, ದವಾಖಾನೆಗಳು. ಎರಡೂ ಆರು! ದವಾಖಾನೆಯ ಕೋಣೆ ರಾಜ್ಯದ ಆರರಲ್ಲಿ. ಆ ಕೋಣೆಯೊಳಗಿನ ಕಿರಣದ ಕಟ್ಟುಪಾಡು ಕೇಂದ್ರದ ಅಣುಶಕ್ತಿ ಕಾನೂನಿನ ಬೆನ್ನಿಗೆ.

ಅಣುಶಕ್ತಿನಗರದ ಮಾತು ಆಗ ತಿಳಿಯಿತು. 1962ರ ಅಣುಶಕ್ತಿ ಕಾಯಿದೆಯ ಆಧಾರದಿಂದ 1983ರ ನವೆಂಬರ್ 15ರಂದು ಹುಟ್ಟಿದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಅಲ್ಲಿದೆ. 2004ರಲ್ಲಿ ಬಂದ ವಿಕಿರಣ ಸಂರಕ್ಷಣಾ ನಿಯಮಗಳನ್ನು ದೇಶದ ಉದ್ದಗಲಕ್ಕೂ ನಡೆಸುವ ಹೊಣೆ ಅದರದು. ಕೈಗಾ ತಾರಾಪುರಗಳ ಅಣುಸ್ಥಾವರಗಳೂ, ಹಳ್ಳಿಯ ಹತ್ತಿರದ ಹಲ್ಲಿನ ಎಕ್ಸ್‌ರೇ ಯಂತ್ರವೂ ಅದೇ ಕಣ್ಣಿನ ಕೆಳಗೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯಿದೆಯ ಬದಲು ಹೊಸದನ್ನು ಅಂಗೀಕರಿಸಿ ಈ ಮಂಡಳಿಗೆ ಶಾಸನದ ಸ್ಥಾನ ಕೊಟ್ಟಿತು.

ರಾಜ್ಯ ಸರಕಾರಕ್ಕೆ ಮನಸ್ಸಿದ್ದರೆ ತನ್ನ ಪಟ್ಟಿಯೊಳಗೆ ಎಷ್ಟು ಮುಂದೆ ಹೋಗಬಲ್ಲದೆಂಬುದಕ್ಕೆ ಆ ಸೋನೋಗ್ರಫಿಯೇ ಸಾಕ್ಷಿ. ಅದರಲ್ಲಿರುವುದು ಬರಿಯ ಶಬ್ದದ ಅಲೆ, ವಿಕಿರಣವಲ್ಲ; ಹಳ್ಳಿಯ ಹೆಂಗಸರು ಎರಡನ್ನೂ 'ಫೋಟೋ' ಎಂದೇ ಕರೆಯುತ್ತಾರೆ. ಹೆಣ್ಣು ಭ್ರೂಣವೆಂದು ತಿಳಿದು ತೆಗೆಸುವ ಪಾಪವನ್ನು ತಡೆಯಲು ಮಹಾರಾಷ್ಟ್ರ 1988ರಲ್ಲಿಯೇ ಕಾನೂನು ಮಾಡಿತು; ಸಂಸತ್ತಿನ ಕಾನೂನು ಬಂದದ್ದು 1994ರಲ್ಲಿ. ಇಂದು ಲಿಂಗ ಪರೀಕ್ಷೆ ಮಾಡುವುದಿಲ್ಲವೆಂಬ ಹಲಗೆಯನ್ನು ಕಾಣದ ಸೋನೋಗ್ರಫಿ ಕೋಣೆಯಿಲ್ಲ, ಏಕೆಂದರೆ ನೋಡುವ ಅಧಿಕಾರಿ ಜಿಲ್ಲೆಯಲ್ಲೇ ಇದ್ದಾನೆ. ಪಕ್ಕದ ಎಕ್ಸ್‌ರೇ ಕೋಣೆಯನ್ನು ನೋಡುವವನು ನಾನೂರು ಕಿಲೋಮೀಟರು ಆಚೆಯವನು.

ಇದು ನಮ್ಮೊಬ್ಬರ ಗೊಣಗಾಟವಲ್ಲ. ಪ್ರತಿ ರಾಜ್ಯದಲ್ಲೂ ಒಂದು ವಿಕಿರಣ ಸುರಕ್ಷತಾ ನಿರ್ದೇಶನಾಲಯ ಇರಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತ್ತು. ಕಾನೂನು ಮಂಡಳಿಯದೇ, ರಾಜ್ಯ ಅದರೊಡನೆ ಒಪ್ಪಂದ ಮಾಡಿಕೊಂಡು ತನ್ನ ಆರೋಗ್ಯ ಇಲಾಖೆಯ ಮೂಲಕ ಕೋಣೆ ಕೋಣೆಗೆ ಹೋಗಿ ತಪಾಸಣೆ ನಡೆಸುವ ಏರ್ಪಾಡು. ನಿಯಂತ್ರಕ ಮತ್ತು ಮಹಾಲೇಖಪಾಲರು 2012ರಲ್ಲಿ ಲೆಕ್ಕ ನೋಡಿದಾಗ ಅಂತಹ ನಿರ್ದೇಶನಾಲಯ ಇದ್ದದ್ದು ಎರಡೇ ರಾಜ್ಯಗಳಲ್ಲಿ: ಕೇರಳ ಮತ್ತು ಮಿಜೋರಾಂ. ಮಹಾರಾಷ್ಟ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ; ನಮ್ಮ ಗಡಿಯ ಎರಡು ದಂಡೆಗಳು ಈ ಒಂದು ವಿಷಯದಲ್ಲಿ ಸರಿಸಮ. ದೇಶದ 57,443 ಎಕ್ಸ್‌ರೇ ಘಟಕಗಳಲ್ಲಿ ಮಂಡಳಿಯ ಪುಸ್ತಕದಲ್ಲಿ ನೋಂದಾಯಿತವಾಗಿದ್ದವು 5,270. ನೂರಕ್ಕೆ ಒಂಬತ್ತು ಎಂದು ಮಕ್ಕಳೂ ಲೆಕ್ಕ ಮಾಡಬಲ್ಲರು. ಆಮೇಲೆ ಮಂಡಳಿ ಕಂಪ್ಯೂಟರಿನ ಮೂಲಕ ಪರವಾನಗಿ ಕೊಡುವ ಪದ್ಧತಿ ತಂದಿತು, ಚೆನ್ನೈ ಕೋಲ್ಕತ್ತ ದಿಲ್ಲಿಗಳಲ್ಲಿ ಪ್ರಾದೇಶಿಕ ಕೇಂದ್ರ ತೆರೆಯಿತು, ಬೇರೆ ರಾಜ್ಯಗಳೂ ಒಪ್ಪಂದಕ್ಕೆ ಬಂದವು. ಕೇರಳ ಎಲ್ಲರಿಗಿಂತ ಮೊದಲು ಎಚ್ಚತ್ತದ್ದು ಸೋಜಿಗವಲ್ಲ. ಚವರದ ಕಡಲ ತೀರದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಬೆರೆತಿದೆ. ಅಲ್ಲಿಯ ಜನ ವಿಕಿರಣದ ಮಾತನ್ನು ನೆಲದಿಂದಲೇ ಕಲಿತವರು.

ಕಾರವಾರದ ಕಡೆ ನೆಂಟರಿರುವ ವಾಚಕರಿಗೆ ರಾಜ್ಯದ ಇನ್ನೊಂದು ಕೈ ಪರಿಚಿತವಿರಬೇಕು. ಕೈಗಾ ಸ್ಥಾವರದ ಬೇಲಿಯೊಳಗಿನ ಸುರಕ್ಷತೆ ಮಂಡಳಿಯ ಮಾತು. ಬೇಲಿಯ ಹೊರಗೆ ಅವಘಡದ ಪರಿಣಾಮ ಬಂದರೆ, ಸುತ್ತಲ ಹದಿನಾರು ಕಿಲೋಮೀಟರಿನೊಳಗಿನ ಜನರನ್ನು ಎಚ್ಚರಿಸುವುದು, ಅಯೋಡಿನ್ ಗುಳಿಗೆ ಹಂಚುವುದು, ಬಸ್ಸು ಹೊಂದಿಸಿ ಸಾಗಿಸುವುದು ಎಲ್ಲವೂ ಜಿಲ್ಲಾಧಿಕಾರಿಯ ಹೊಣೆ. ಎರಡು ವರ್ಷಕ್ಕೊಮ್ಮೆ ಇದರ ತಾಲೀಮು ನಡೆಯುತ್ತದೆ. 2009ರ ನವೆಂಬರಿನಲ್ಲಿ ಕೈಗಾದ ಒಳಗೆ ಕುಡಿಯುವ ನೀರಿನ ಯಂತ್ರದಲ್ಲಿ ಟ್ರೀಷಿಯಂ ಬೆರೆತು ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಗೆ ಹೋದಾಗ, ಬೆರೆಸಿದವರಾರೆಂದು ಹುಡುಕುವ ಕೆಲಸ ಪೊಲೀಸರವರೆಗೂ ಬಂತು. ನಿಯಮ ಬರೆಯುವವರು ದೂರದವರು. ಓಡಿ ಬರಬೇಕಾದವರು ಹತ್ತಿರದವರು.

ಅಂದು ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಹುಡುಗಿ ಸಿದ್ಧರಾಮನಿಗೆ ಕಾಯಿ ಒಡೆಸಬೇಕೆಂದಳು. ಕೋಟೆಯ ಪಕ್ಕದಲ್ಲಿ ಕೆರೆ, ಕೆರೆಯ ನಡುವೆ ಗುಡಿ. ಹನ್ನೆರಡನೆಯ ಶತಮಾನದ ಶಿವಯೋಗಿ ಸೊನ್ನಲಿಗೆಯ ಜನರನ್ನು ಕೂಡಿಸಿ ಅಗೆಸಿದ ಕೆರೆಯೆಂದು ಹೇಳುತ್ತಾರೆ. ಹಳೆಯ ವಿದ್ಯಾರ್ಥಿಯೂ ಪಾಳಿ ಮುಗಿಸಿ ಬಂದು ನಮ್ಮೊಡನೆ ಮೆಟ್ಟಿಲ ಮೇಲೆ ಕುಳಿತ. ವಿಕಿರಣ ಎಲ್ಲೆಲ್ಲಿದೆಯೆಂದು ಅವನು ಹೇಳುತ್ತ ಹೋದಂತೆ ನಮಗೆ ಅಚ್ಚರಿ. ಸೊಲ್ಲಾಪುರದ ಪೇಟೆಗೆ ಆ ವಾರ ಉಳ್ಳಾಗಡ್ಡಿಯ ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು. ನಾಸಿಕದ ಲಾಸಲಗಾವದಲ್ಲಿ 2002ರಿಂದ ಉಳ್ಳಾಗಡ್ಡಿಯ ಮೇಲೆ ಕೋಬಾಲ್ಟಿನ ಕಿರಣ ಹಾಯಿಸಿ ಮೊಳಕೆ ತಡೆಯುವ ಕೇಂದ್ರವಿದೆಯಂತೆ. ಕಿರಣ ಹಾದ ಗಡ್ಡೆ ತಾನು ಕಿರಣ ಸೂಸುವುದಿಲ್ಲ, ತಿನ್ನಬಹುದು. ದೊಡ್ಡ ಕಾರಖಾನೆಗಳ ಬಾಯ್ಲರಿನ ಬೆಸುಗೆ ಗಟ್ಟಿಯಿದೆಯೋ ಎಂದು ನೋಡಲು ಇರಿಡಿಯಂ ಎಂಬ ಲೋಹದ ಚೂರನ್ನು ಪೆಟ್ಟಿಗೆಯಲ್ಲಿಟ್ಟು ಊರೂರಿಗೆ ಒಯ್ಯುತ್ತಾರೆ.

ಎಕ್ಸ್‌ರೇ ಯಂತ್ರಕ್ಕೂ ಇವಕ್ಕೂ ಇರುವ ಭೇದವನ್ನು ಅವನು ಚೆನ್ನಾಗಿ ಹೇಳಿದ. ಯಂತ್ರದ ಗುಂಡಿ ಆರಿಸಿದರೆ ಕಿರಣವೂ ಆರಿತು, ಕೋಣೆಯಲ್ಲಿ ಏನೂ ಉಳಿಯುವುದಿಲ್ಲ. ಕೋಬಾಲ್ಟಿಗೆ ಗುಂಡಿಯಿಲ್ಲ. ದಿಲ್ಲಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಅಂತಹ ಒಂದು ಉಪಕರಣವನ್ನು 2010ರ ಫೆಬ್ರುವರಿಯಲ್ಲಿ ಹಳೆಯ ಸಾಮಾನಿನೊಡನೆ ಹರಾಜು ಹಾಕಿದರು. ಅದು ಮಾಯಾಪುರಿಯ ಗುಜರಿ ಪೇಟೆಗೆ ಬಂತು. ಅಲ್ಲಿ ಅದನ್ನು ಬಿಚ್ಚಿದರು. ಮುಟ್ಟಿದವರ ಚರ್ಮ ಕಪ್ಪಾಯಿತು, ಕೂದಲು ಉದುರಿತು, ಏಪ್ರಿಲಿನಲ್ಲಿ ಒಬ್ಬ ಕೆಲಸಗಾರ ತೀರಿಕೊಂಡ. ಅವರಾರಿಗೂ ಆ ಮೂರೆಸಳಿನ ಗುರುತು ಏನನ್ನೂ ಹೇಳಲಿಲ್ಲ.

ಹೇಳದಿರುವುದು ಅವರ ದಡ್ಡತನವೂ ಅಲ್ಲ. ಆ ಗುರುತನ್ನು 1946ರಲ್ಲಿ ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯದಲ್ಲಿ ಅಲ್ಲಿಯ ವಿದ್ವಾಂಸರು ತಮಗಾಗಿ ಬರೆದುಕೊಂಡದ್ದು. ಕಲಿಸದವರಿಗೆ ಅದು ಹೂವೂ ಆದೀತು, ಪಂಖವೂ ಆದೀತು. ಇದನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೇ ಒಪ್ಪಿಕೊಂಡು, ಭಾರತವೂ ಸೇರಿ ಹನ್ನೊಂದು ದೇಶಗಳ ಸಾಮಾನ್ಯ ಜನರಿಗೆ ತೋರಿಸಿ ನೋಡಿ, 2007ರಲ್ಲಿ ಅತಿ ಅಪಾಯದ ಮೂಲಗಳಿಗೆ ಬೇರೊಂದು ಗುರುತು ತಂದಿತು. ಕೆಂಪು ತ್ರಿಕೋನದಲ್ಲಿ ಮೇಲೆ ಮೂರೆಸಳು, ಅದರಿಂದ ಸೂಸುವ ಕಿರಣ, ಕೆಳಗೆ ತಲೆಬುರುಡೆ, ಪಕ್ಕದಲ್ಲಿ ಓಡಿಹೋಗುತ್ತಿರುವ ಮನುಷ್ಯ. ನಮ್ಮ ಊರಿಗೂ ಗುಜರಿಯವನ ಟೆಂಪೊ ಬರುತ್ತದೆ. ಕಬ್ಬಿಣದ ಚೂರು ಕೊಟ್ಟು ಐಸ್‌ಕ್ಯಾಂಡಿ ತಿನ್ನುವವರು ನಮ್ಮ ಶಾಲೆಯ ಮಕ್ಕಳೇ.

ಮರುದಿನ ಶಾಲೆಯಲ್ಲಿ ಎರಡೂ ಗುರುತುಗಳನ್ನು ಕರಿಹಲಗೆಯ ಮೇಲೆ ಬರೆದೆವು. ಮೊದಲನೆಯದನ್ನು ಐದನೆಯ ಇಯತ್ತೆಯ ಹುಡುಗನೊಬ್ಬ ಪಂಖವೆಂದೇ ಅಂದ. ಎರಡನೆಯದನ್ನು ನೋಡಿ ಯಾರೂ ತಪ್ಪು ಹೇಳಲಿಲ್ಲ. ಚಿತ್ರಕಲೆಯ ಮಾಸ್ತರರು ಹಳದಿ ಬಣ್ಣ ತಂದು ನೀರಿನ ಟಾಕಿಯ ಗೋಡೆಗೆ ಎರಡನ್ನೂ ಬರೆದಿದ್ದಾರೆ.

ಉಳಿದದ್ದು ತಾಲೂಕಿನ ಊರಿನ ಆ ಬಾಗಿಲು. ಮೇಲಿನವರಿಗೆ ದೂರು ಬರೆಯಬೇಕೆಂದು ಕಾಗದವನ್ನೂ ತೆಗೆದೆವು. ಹುಡುಗಿಯೇ ತಡೆದಳು, ಮೊದಲು ಅವರನ್ನೇ ಕೇಳೋಣ ಎಂದಳು. ಎಕ್ಸ್‌ರೇ ಕೋಣೆಯ ಹುಡುಗ ನಡೆದದ್ದನ್ನು ಕೇಳಿ ಮುಖ ಸಪ್ಪಗೆ ಮಾಡಿಕೊಂಡ. ಇನ್ನು ಮುಂದೆ ಪ್ರತಿಯೊಬ್ಬರನ್ನೂ ಕೇಳುತ್ತೇನೆ, ಆದರೆ ಗಂಡಸು ಕೇಳಿದರೆ ಹೆಂಗಸರು ತಲೆ ತಗ್ಗಿಸಿ ಇಲ್ಲವೆಂದುಬಿಡುತ್ತಾರೆ ಎಂದ. ಅದೂ ಸುಳ್ಳಲ್ಲ. ಕನ್ನಡದಲ್ಲಿ ಒಂದು ಚೀಟಿ ಬರೆದುಕೊಟ್ಟರೆ ಅಂಟಿಸುತ್ತೇನೆ ಎಂದು ಅವನೇ ಮುಂದಾಗಿ ಹೇಳಿದ.

ಮನೆಗೆ ಬಂದು ದಪ್ಪ ಕಾಗದದ ಮೇಲೆ, ಮೂವತ್ತು ವರ್ಷದ ಬರವಣಿಗೆಯ ಗತ್ತಿನಲ್ಲಿ ಬರೆದೆವು: 'ಗರ್ಭವತಿಯರಾದ ಸ್ತ್ರೀಯರು ಕ್ಷಕಿರಣ ಪರೀಕ್ಷೆಯ ಪೂರ್ವದಲ್ಲಿ ಆ ಸಂಗತಿಯನ್ನು ಸೂಚಿಸತಕ್ಕದ್ದು.' ಹುಡುಗಿ ಓದಿ ನಕ್ಕಳು. "ಮಾಮಾ, ಇದನ್ನ ಓದಿ ಮುಗಸೂದ್ರಾಗ ಫೋಟೋ ತಗದು ಮನೀಗೆ ಕಳಸಿರ್ತಾರ." ಬಳಿಕ ನಗು ಬಿಟ್ಟು ಹೇಳಿದ ಮಾತು ನಮಗೆ ಹೊಳೆದಿರಲಿಲ್ಲ. ಆ ದಿನ ನಾವು ಹಲಗೆಯನ್ನು ಓದಿ ಹೇಳಿದ್ದರೂ ಅವಳು ಸುಮ್ಮನೇ ಇರುತ್ತಿದ್ದಳಂತೆ. ತಾನು ಬಸುರಿಯೆಂದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ದಿನ ಮೀರಿದೆ ಎಂಬುದೊಂದೇ. ವೈದ್ಯೆ ಕೇಳಿದ್ದೂ ಅದನ್ನೇ ಅಲ್ಲವೆ?

ಬೇರೆ ಕಾಗದ ತೆಗೆದುಕೊಂಡು ಅವಳೇ ಬರೆದಳು. ಮೇಲೆ ಮೂರೆಸಳಿನ ಗುರುತು, ತುಸು ಸೊಟ್ಟಗೆ. ಕೆಳಗೆ ಗುಂಡಾದ ಅಕ್ಷರಗಳಲ್ಲಿ: 'ಅಕ್ಕಂದಿರೆ, ಮುಟ್ಟಿನ ದಿನ ಮೀರಿದ್ದರೆ ಒಳಗ ಹೋಗೂಕಿಂತ ಮೊದಲ ಹೇಳ್ರಿ. ನಾಚಬ್ಯಾಡ್ರಿ.' ಮುಖ್ಯಾಧ್ಯಾಪಕರ ಕಣ್ಣಿಗೆ ಮೂರು ನಾಲ್ಕು ತಪ್ಪುಗಳಿದ್ದವು. ಕೆಂಪು ಪೆನ್ನು ಕಿಸೆಯಲ್ಲಿಯೇ ಉಳಿಯಿತು.

ಈಗ ಅವಳು ತವರಿನಲ್ಲಿದ್ದಾಳೆ. ಏಳು ತಿಂಗಳು ತುಂಬಿದ ಮೇಲೆ ಗಡಿಯಾಚೆಯೇ ಕುಬಸ ಮಾಡಿದರು. ಹಸಿರು ಸೀರೆಯನ್ನು ನಾವು ಸೊಲ್ಲಾಪುರದಿಂದ ತಂದುಕೊಟ್ಟೆವು, ಈ ಸಲ ಬಸ್ಸಿನ ತುಂಬ ಮಾತನಾಡುತ್ತ. ಹೋದ ವಾರ ತಾಲೂಕಿನ ಊರಿಗೆ ಹೋದಾಗ ಆ ಬಾಗಿಲನ್ನು ನೋಡಿ ಬಂದೆವು. ಹುಡುಗ ಹಳದಿ ಹಲಗೆಯ ಕೆಳಗೆ ಚೀಟಿಯನ್ನು ಅಂಟಿಸಿದ್ದಾನೆ. ಟೇಪು ಸಾಲದೆ ಬಂದಿರಬೇಕು. ಕೆಳಗಿನ ಒಂದು ಮೂಲೆ ಪಂಖದ ಗಾಳಿಗೆ ಎದ್ದು ಎದ್ದು ಬೀಳುತ್ತಿತ್ತು.